ಹ್ಯಾಕ್ ಮಾಡಿದ್ದು ಯಾವ ದೇಶ? ಉತ್ತರ ಹುಡುಕಿ ಓಡಾಡಿದ ಕಥೆ

ಕುಶಾಲನಗರದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ಡಿಟಿಪಿ, ಜೆರಾಕ್ಸ್, ಲ್ಯಾಪ್‌ಟಾಪ್ ರಿಪೇರಿ, ಜತೆಗೆ ಒಂದಷ್ಟು ಸಂಘ ಸಂಸ್ಥೆಗಳ ವೆಬ್‌ಸೈಟು, ಇಮೇಲ್ ನೋಡಿಕೊಳ್ಳುವ ಕೆಲಸ. ಅವುಗಳಲ್ಲಿ ಒಂದು ಸಂಸ್ಥೆ ಹೊಳೆಯಾಚೆಯದು. ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅಲ್ಲಿಂದ ಮುಂದೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳು. ಹೆಸರು ಹಾಕಬೇಡಿ ಎಂದು ಅವರೇ ಹೇಳಿದ್ದಾರೆ, ಹಾಗಾಗಿ ಹೇಳುವುದಿಲ್ಲ. ಅವರ ಇಮೇಲ್ ಖಾತೆಗೆ ಯಾರೋ ನುಗ್ಗಿದರು. ಅದು ಯಾರು ಎಂದು ತಿಳಿಯಲು ಹೊರಟ ನಮ್ಮ ಓಡಾಟ ಮುಂಗಾರಿನಲ್ಲಿ ಶುರುವಾಗಿ, ಅರೇಬಿಕಾ ಕೊಯ್ಲಿನ ಹೊತ್ತಿಗೆ ಒಂದು ದಡ ಸೇರಿತು. ಹಣ ಕಳೆದುಕೊಂಡವರಿಗೆ ಏನು ಮಾಡಬೇಕೆಂದು ಹೇಳುವ ಬರಹಗಳು ಬೇಕಾದಷ್ಟಿವೆ. ಹಣ ಹೋಗದೆ, ಬರೀ ಪತ್ರಗಳು ಹೋದವರಿಗೆ ಹೇಳುವವರು ಕಮ್ಮಿ. ಅದಕ್ಕೇ ಬರೆಯುತ್ತಿದ್ದೇನೆ.

2025ರ ಜೂನ್. ಮಳೆ ಹಿಡಿದು ಕೂತಿತ್ತು. ಸಂಸ್ಥೆಯ ಕಾರ್ಯದರ್ಶಿ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. ಕ್ಯಾಂಪಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ನಮ್ಮಷ್ಟೇ ಚೆನ್ನಾಗಿ ಬರುತ್ತದೆ. ಜಿಮೇಲ್ ತೆರೆದರೆ ಮೇಲ್ಗಡೆ ಕೆಂಪು ಪಟ್ಟಿ. ಸರ್ಕಾರದ ಬೆಂಬಲ ಇರುವ ದಾಳಿಕೋರರು ನಿಮ್ಮ ಪಾಸ್‌ವರ್ಡ್ ಕದಿಯಲು ಪ್ರಯತ್ನಿಸುತ್ತಿರಬಹುದು ಎಂಬ ಎಚ್ಚರಿಕೆ.

“ಅಣ್ಣಾ, ಯಾವ ಸರ್ಕಾರ ಅಂತ ಇದರಲ್ಲಿ ಬರೆದೇ ಇಲ್ವಲ್ಲ?” ಎಂದರು.

ಬರೆದಿರುವುದಿಲ್ಲ. ಗೂಗಲ್ ಇಂಥ ಎಚ್ಚರಿಕೆ ಕೊಡಲು ಶುರು ಮಾಡಿದ್ದು 2012ರಲ್ಲಿ. ಆಗಿನಿಂದಲೂ ದೇಶದ ಹೆಸರು ಹೇಳುವುದಿಲ್ಲ. ಹೇಗೆ ಪತ್ತೆಯಾಯಿತು ಎಂಬುದನ್ನೂ ಹೇಳುವುದಿಲ್ಲ, ಹೇಳಿದರೆ ಕಳ್ಳ ದಾರಿ ಬದಲಾಯಿಸುತ್ತಾನೆ. ಇದೇ ಕಾರಣಕ್ಕೆ ಎಚ್ಚರಿಕೆಯನ್ನು ಬೇಕೆಂದೇ ತಡಮಾಡಿ, ಹಲವರಿಗೆ ಒಟ್ಟಿಗೆ ಕಳಿಸುತ್ತಾರೆ. ಅಂದರೆ ನಿಮಗೆ ಪಟ್ಟಿ ಕಂಡ ದಿನವೇ ದಾಳಿ ನಡೆದ ದಿನ ಆಗಿರಬೇಕಿಲ್ಲ. ಆ್ಯಪಲ್ ಕಥೆಯೂ ಅಷ್ಟೇ. 2023ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ದೇಶದ ಹಲವು ವಿರೋಧ ಪಕ್ಷದ ನಾಯಕರ ಐಫೋನಿಗೆ ಇಂಥದೇ ಸಂದೇಶ ಬಂದು ದೊಡ್ಡ ಗಲಾಟೆ ಆಗಿತ್ತು, ನೆನಪಿರಬಹುದು. ಇಂಥದೇ ಸರ್ಕಾರ ಎಂದು ನಾವು ಹೇಳುತ್ತಿಲ್ಲ ಎಂದು ಆ್ಯಪಲ್ ಆಗ ಸ್ಪಷ್ಟಪಡಿಸಿತು. ಮುಂದೆ 2024ರ ಏಪ್ರಿಲ್‌ನಲ್ಲಿ ಸಂದೇಶದ ಮಾತನ್ನೇ ಬದಲಾಯಿಸಿ, ಬಾಡಿಗೆ ಸ್ಪೈವೇರ್, ಅಂದರೆ ಹಣ ಕೊಟ್ಟವರಿಗೆ ಮಾರುವ ಬೇಹುಗಾರಿಕೆ ಸಾಫ್ಟ್‌ವೇರ್, ಎನ್ನತೊಡಗಿತು.

ಒಂದು ಎಚ್ಚರಿಕೆ. ಇಂಥ ಪಟ್ಟಿಯೇ ನಕಲಿ ಆಗಿರಬಹುದು. 2016ರ ಮಾರ್ಚ್‌ನಲ್ಲಿ ಹಿಲರಿ ಕ್ಲಿಂಟನ್ ಅವರ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾ ಖಾತೆ ಹೋಗಿದ್ದು ಹೀಗೆಯೇ. ನಿಮ್ಮ ಪಾಸ್‌ವರ್ಡ್ ಯಾರಿಗೋ ಸಿಕ್ಕಿದೆ, ಈಗಲೇ ಬದಲಾಯಿಸಿ ಎಂದು ಗೂಗಲ್ ಹೆಸರಿನಲ್ಲಿ ಬಂದ ಸುಳ್ಳು ಮೇಲ್. ಹಾಗಾಗಿ ಮೇಲ್ ಒಳಗಿನ ಲಿಂಕ್ ಮುಟ್ಟಬೇಡಿ. ಬ್ರೌಸರಿನಲ್ಲಿ ನೀವೇ ವಿಳಾಸ ಹೊಡೆದು, ಗೂಗಲ್ ಖಾತೆಯ ಸೆಕ್ಯುರಿಟಿ ಪುಟಕ್ಕೆ ಹೋಗಿ ನೋಡಿ. ನಾವು ನೋಡಿದೆವು. ನಿಜವೇ ಇತ್ತು.

ಕೆಲವು ದಿನದ ಹಿಂದೆ ಒಂದು ಮೇಲ್ ಬಂದಿತ್ತಂತೆ. ಜುಲೈ 6ಕ್ಕೆ ದಲೈಲಾಮಾ ಅವರಿಗೆ 90 ತುಂಬುತ್ತಿತ್ತಲ್ಲ, ಆ ಸಮಾರಂಭದ ಕಾರ್ಯಕ್ರಮ ಪಟ್ಟಿ ಎಂದು ಒಂದು ಜಿಪ್ ಫೈಲ್. ಕಳಿಸಿದವರ ಹೆಸರು ಪರಿಚಿತರದೇ. ವಿಳಾಸದಲ್ಲಿ ಒಂದಕ್ಷರ ಹೆಚ್ಚು. ಆಫೀಸಿನ ಎರಡು ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದಿದ್ದರು. ಅದರಲ್ಲಿ ಒಂದನ್ನು ಯಾರೋ ನೆಂಟರ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಫಾರ್ಮ್ಯಾಟ್ ಹೊಡೆದು, ಹೊಸ ವಿಂಡೋಸ್ ಹಾಕಿ ಕೊಟ್ಟಿದ್ದ. ಯಂತ್ರ ಫಳಫಳ ಓಡುತ್ತಿತ್ತು, ಸಾಕ್ಷಿ ಒಂದು ಚೂರೂ ಉಳಿದಿರಲಿಲ್ಲ. ಉಳಿದದ್ದು ಅಂಗಡಿಗೆ ಬಂದ ಇದೊಂದೇ.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ. ಯಂತ್ರ ಆನ್ ಇದ್ದರೆ ಆಫ್ ಮಾಡಬೇಡಿ, ವೈಫೈ ಮಾತ್ರ ತೆಗೆಯಿರಿ. ಇಂಥ ಫೈಲಿನಿಂದ ಒಳಬರುವ ಕಳ್ಳ ಸಾಫ್ಟ್‌ವೇರ್ ಎಷ್ಟೋ ಸಲ ಯಂತ್ರದ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ಮಾತ್ರ ಬದುಕಿರುತ್ತದೆ, ಆಫ್ ಮಾಡಿದರೆ ಹೋಯಿತು. ರ‍್ಯಾಮ್ ಪ್ರತಿ ತೆಗೆಯುವ ಉಚಿತ ಟೂಲುಗಳಿವೆ, ಗೊತ್ತಿದ್ದವರನ್ನು ಕರೆಯಿರಿ. ಮೇಲ್ ಅನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಫಾರ್ವರ್ಡ್ ಮಾಡಿದ ಪ್ರತಿಯಲ್ಲಿ ಮೂಲದ ಹೆಡರ್, ಅಂದರೆ ಮೇಲ್ ಯಾವ ದಾರಿಯಲ್ಲಿ ಬಂತು ಎಂಬ ವಿವರ, ಇರುವುದಿಲ್ಲ. ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ಗೆ ಹೋಗಿ, ಫೈಲನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಸ್ಕ್ರೀನ್‌ಶಾಟ್ ತೋರಿಸುವುದಕ್ಕೆ ಸರಿ, ತನಿಖೆಗೆ ಸಾಲದು.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್, ಫಾರ್ವರ್ಡಿಂಗ್ ಎರಡನ್ನೂ ನೋಡಿ. ನಮಗೆ ಬೆವರು ಬಂದಿದ್ದು ಅಲ್ಲಿಯೇ. ಕೆಲವು ಪದಗಳಿರುವ ಮೇಲ್ ಬಂದರೆ ಅದರ ಪ್ರತಿ ಗೊತ್ತಿಲ್ಲದ ಒಂದು ವಿಳಾಸಕ್ಕೆ ಹೋಗುವಂತೆ ಯಾರೋ ಫಿಲ್ಟರ್ ಇಟ್ಟಿದ್ದರು. ಪಾಸ್‌ವರ್ಡ್ ಬದಲಾಯಿಸಿದರೂ ಅದು ಹೋಗುವುದಿಲ್ಲ, ತನ್ನ ಪಾಡಿಗೆ ಕಳಿಸುತ್ತಲೇ ಇರುತ್ತದೆ. ಕಾರ್ಯದರ್ಶಿ ಕುರ್ಚಿಯಲ್ಲಿ ಕೂತು ಯಾರ್ಯಾರು ಏನೇನು ಬರೆದಿದ್ದರು ಎಂದು ನೆನಪಿಸಿಕೊಳ್ಳತೊಡಗಿದರು. ಗಡಿಯಾಚೆ ಇರುವ ನೆಂಟರ ಹೆಸರುಗಳು ಆ ಮೇಲ್‌ಗಳಲ್ಲಿದ್ದವು. ಆಮೇಲೆ ತುಂಬ ಹೊತ್ತು ಅವರು ಮಾತಾಡಲಿಲ್ಲ. ನಾನೂ ಸುಮ್ಮನೆ ಫೋಟೋ ತೆಗೆಯುತ್ತಾ ಹೋದೆ. ಮೊದಲು ಫೋಟೋ, ಆಮೇಲೆ ಫಿಲ್ಟರ್ ಅಳಿಸುವುದು. ಆ ಕ್ರಮ ತಪ್ಪಬಾರದು.

ಹಾರ್ಡ್ ಡಿಸ್ಕಿನ ಪೂರ್ತಿ ಪ್ರತಿ ತೆಗೆಯುವುದು ಹೇಳಿದಷ್ಟು ಸುಲಭ ಅಲ್ಲ, ಅದರಲ್ಲೂ ಕೊಡಗಿನ ಮಳೆಗಾಲದಲ್ಲಿ. ಹೊಸ ಎಕ್ಸ್‌ಟರ್ನಲ್ ಡಿಸ್ಕ್ ತಂದೆವು, ಐದಾರು ಸಾವಿರ ಅಲ್ಲಿಗೇ ಹೋಯಿತು. ಗಂಟೆಗಟ್ಟಲೆ ಓಡಬೇಕು, ಎಲ್ಲೋ ಮರ ಬಿದ್ದು ಕರೆಂಟ್ ಹೋಗುತ್ತದೆ, ಯುಪಿಎಸ್ ಕೂಗಿ ಕೂಗಿ ಸುಮ್ಮನಾಗುತ್ತದೆ, ಮತ್ತೆ ಮೊದಲಿನಿಂದ. ಕೊನೆಗೆ ಪಕ್ಕದ ಹೋಟೆಲಿನವರ ಜನರೇಟರಿನಿಂದ ವೈರ್ ಎಳೆದು ಮುಗಿಸಿದೆ. ಮುಗಿದ ಕೂಡಲೇ ಅದರ ಹ್ಯಾಶ್ ಬರೆದಿಟ್ಟುಕೊಳ್ಳಬೇಕು. ಫೈಲಿನಲ್ಲಿ ಒಂದಕ್ಷರ ಬದಲಾದರೂ ಈ ಉದ್ದದ ಸಂಖ್ಯೆ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಲೇಬೇಕು. ಅದರಲ್ಲಿ ಎರಡು ಭಾಗ. ಭಾಗ ಎ ಯಂತ್ರ ಇಟ್ಟುಕೊಂಡವರು ತುಂಬುವುದು, ಭಾಗ ಬಿ ಪರಿಣತರು ತುಂಬುವುದು. ಈ ಪರಿಣತರನ್ನು ಎಲ್ಲಿಂದ ತರುವುದು? ನನಗೆ ಪರಿಚಯದ ಒಬ್ಬ ಕಂಪ್ಯೂಟರ್ ಉಪನ್ಯಾಸಕರಿದ್ದರು. ಅವರು ಮೂರು ಸಲ ಓದಿ, ಕಾಫಿ ಕುಡಿದು, ಮತ್ತೆ ಓದಿ ಸಹಿ ಹಾಕಿದರು. ಇಂಥವರು ಯಾರಾದರೂ ಇದ್ದಾರಾ ಎಂದು ಮೊದಲೇ ಹುಡುಕಿಟ್ಟುಕೊಳ್ಳಿ.

ಇನ್ನು ದೂರು. 1930 ಸಹಾಯವಾಣಿ ಇರುವುದು ಮುಖ್ಯವಾಗಿ ಹಣ ಹೋದವರಿಗೆ, ಬ್ಯಾಂಕಿನಲ್ಲಿ ಹಣ ತಡೆಹಿಡಿಯುವ ಸಲುವಾಗಿ. ನಿಮ್ಮ ಹಣ ಹೋಗಿಲ್ಲ ಅಂದರೆ ನೇರವಾಗಿ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ‘ಇತರೆ’ ವಿಭಾಗದಲ್ಲಿ ಹಾಕಿ, ಬಂದ ನಂಬರನ್ನು ಪ್ರಿಂಟ್ ತೆಗೆದುಕೊಳ್ಳಿ. ಜತೆಗೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರದ ತಂಡ ಸರ್ಟ್-ಇನ್‌ಗೂ ಅವರ ಇನ್ಸಿಡೆಂಟ್ ಫಾರ್ಮ್ ತುಂಬಿ ಕಳಿಸಿ. ಅವರ ಟೋಲ್ ಫ್ರೀ ನಂಬರ್ 1800-11-4949. 2022ರ ಏಪ್ರಿಲ್‌ನ ಆದೇಶದ ಪ್ರಕಾರ ಕಂಪನಿಗಳು, ಸರ್ವಿಸ್ ಕೊಡುವವರು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು, 180 ದಿನದ ಲಾಗ್, ಅಂದರೆ ಯಾರು ಯಾವಾಗ ಒಳಬಂದರು ಎಂಬ ದಾಖಲೆ, ಇಟ್ಟುಕೊಂಡಿರಬೇಕು. ಈ 180 ದಿನ ಎನ್ನುವುದನ್ನು ತಲೆಯಲ್ಲಿಟ್ಟುಕೊಳ್ಳಿ. ನಾಳೆ ನೋಡೋಣ ಎಂದು ಕೂತರೆ ಹೋಸ್ಟಿಂಗ್ ಕಂಪನಿಯಲ್ಲಿ ನಿಮ್ಮ ಲಾಗ್ ಇರುವುದಿಲ್ಲ.

ಪೊಲೀಸ್ ಠಾಣೆಯಲ್ಲಿ ನಮಗೆ ತೊಡಕಾಗಿದ್ದು ಹೊಳೆ. ಆಫೀಸು ಆಚೆ ದಡದಲ್ಲಿ, ಅದು ಮೈಸೂರು ಜಿಲ್ಲೆ. ಯಂತ್ರ ಇದ್ದದ್ದು, ವೆಬ್‌ಸೈಟ್ ನೋಡಿಕೊಳ್ಳುವುದು ಈಚೆ ದಡದಲ್ಲಿ, ಇದು ಕೊಡಗು. ಮೊದಲು ಹೋದ ಕಡೆ, ಇದು ನಮಗೆ ಬರಲ್ಲ, ಅಲ್ಲಿಗೆ ಹೋಗಿ ಎಂದರು. ಅಲ್ಲಿ ಹೋದರೆ, ಯಂತ್ರ ಎಲ್ಲಿದೆಯೋ ಅಲ್ಲೇ ಕೊಡಿ ಎಂದರು. ಪೊಲೀಸ್ ತನಿಖೆ, ಕೋರ್ಟ್ ಕ್ರಮದ ಹೊಸ ಕಾನೂನಿನಲ್ಲಿ, ಅಂದರೆ ಬಿಎನ್‌ಎಸ್‌ಎಸ್ 173ನೇ ಸೆಕ್ಷನ್‌ನಲ್ಲಿ, ಅಪರಾಧ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಜನ ಇದಕ್ಕೆ ಜೀರೋ ಎಫ್‌ಐಆರ್ ಎನ್ನುತ್ತಾರೆ. ಆ ಪುಟದ ಪ್ರಿಂಟ್ ಜೇಬಿನಲ್ಲಿರಲಿ. ಜಗಳ ಆಡಬೇಡಿ, ಸುಮ್ನೆ ಟೇಬಲ್ ಮೇಲಿಟ್ಟು ತಾಳ್ಮೆಯಿಂದ ಕೂತುಕೊಳ್ಳಿ. ಇನ್ನೊಂದು ವಿಷಯ, ಐಟಿ ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ ಈ ಕೇಸುಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರೇ ಮಾಡಬೇಕು. ಅವರು ಬಂದೋಬಸ್ತಿಗೆ ಹೋಗಿದ್ದರೆ ನೀವು ಕಾಯಬೇಕು. ಮಡಿಕೇರಿಗೆ ಬಸ್ ಹತ್ತುವ ಮುಂಚೆ ಫೋನ್ ಮಾಡಿ ಕೇಳಿ, ಅರ್ಧ ದಿನ ಉಳಿಯುತ್ತದೆ. ಗುರುತಿನ ಚೀಟಿಯ ವಿಷಯದಲ್ಲೂ ಅಷ್ಟೇ. ಕಾರ್ಯದರ್ಶಿಯವರ ಬಳಿ ಇದ್ದದ್ದು ಟಿಬೆಟನ್ನರ ನೋಂದಣಿ ಪುಸ್ತಕ. ಅದರ ಎಲ್ಲ ಪುಟಗಳ ಜೆರಾಕ್ಸ್ ಬೇಕಾಯಿತು, ಒಂದು ಪುಟ ಸಾಲಲಿಲ್ಲ.

ಕೊನೆಗೆ ಸಿಕ್ಕ ಇನ್‌ಸ್ಪೆಕ್ಟರ್ ಒಳ್ಳೆಯವರು. ದೂರಿನಲ್ಲಿ ನಾವು ಚೀನಾ ಸರ್ಕಾರ ಹ್ಯಾಕ್ ಮಾಡಿದೆ ಎಂದು ಬರೆದುಕೊಂಡು ಹೋಗಿದ್ದೆವು. ಹಿರಿಯರ ಒತ್ತಾಯ. ಇನ್‌ಸ್ಪೆಕ್ಟರ್ ಪೆನ್ ತೆಗೆದು ಆ ಸಾಲಿನ ಕೆಳಗೆ ಗೆರೆ ಎಳೆದು, “ಇದು ನಿಮಗೆ ಹೇಗೆ ಗೊತ್ತಮ್ಮಾ?” ಎಂದು ಕೇಳಿದರು. ಕಾರ್ಯದರ್ಶಿ, “ಇನ್ಯಾರು ಸರ್ ಮಾಡ್ತಾರೆ?” ಎಂದರು. “ಏನಾಯ್ತು ಅಂತ ಬರೀರಿ. ಯಾರು ಅನ್ನೋದನ್ನ ನಮಗೆ ಬಿಡಿ” ಎಂದರು. ಹಾಗೆ ಬದಲಾಯಿಸಿದೆವು. ಐಟಿ ಕಾಯ್ದೆಯಲ್ಲಿ ಗುರುತು ಕದ್ದದ್ದಕ್ಕೆ 66ಸಿ, ಬೇರೆಯವರ ಸೋಗಿನಲ್ಲಿ ವಂಚಿಸಿದ್ದಕ್ಕೆ 66ಡಿ, ಅನುಮತಿ ಇಲ್ಲದೆ ಒಳನುಗ್ಗಿದ್ದಕ್ಕೆ 43 ಮತ್ತು 66. ಆರೋಪಿಯ ಜಾಗದಲ್ಲಿ, ಅಪರಿಚಿತರು.

ಆದರೆ ಕ್ಯಾಂಪಿನವರಿಗೆ ಅಷ್ಟು ಸಾಕಾಗಲಿಲ್ಲ. ಅವರಿಗೆ ಹೆಸರು ಬೇಕಿತ್ತು. ಧರ್ಮಶಾಲೆ ಕಡೆಯ ಪರಿಚಯದ ಮೇಲೆ ಇಂಥ ಫೈಲುಗಳನ್ನು ಬಿಡಿಸಿ ನೋಡುವ ಒಬ್ಬ ಸಂಶೋಧಕರು ಸಿಕ್ಕರು. ನಿಮಗೆ ಪರಿಚಯ ಇಲ್ಲದಿದ್ದರೂ ದಾರಿ ಇದೆ. ಟಿಬೆಟನ್ ಸಂಸ್ಥೆಗಳಿಗೆ ಟಿಬ್‌ಸರ್ಟ್ ಎಂಬ ತಂಡವೇ ಇದೆ. ಪತ್ರಕರ್ತರು, ಹೋರಾಟಗಾರರು, ಸಂಘಟನೆಗಳಿಗೆ ಆಕ್ಸೆಸ್ ನೌ ಸಂಸ್ಥೆಯ ಸಹಾಯವಾಣಿ ಹಗಲೂ ರಾತ್ರಿ ತೆರೆದಿರುತ್ತದೆ, ಹಣ ಕೇಳುವುದಿಲ್ಲ. ಫೈಲನ್ನು ನೀವೇ, ವೈರಸ್ ಪರೀಕ್ಷಿಸುವ ವೆಬ್‌ಸೈಟಾದ ವೈರಸ್‌ಟೋಟಲ್‌ಗೆ ಹಾಕಲು ಹೋಗಬೇಡಿ. ಹಾಕಿದ ಫೈಲು ಬೇರೆಯವರಿಗೂ ಸಿಗುತ್ತದೆ, ದಾಳಿ ಮಾಡಿದವರು ಅದನ್ನೇ ನೋಡಿಕೊಂಡು ಎಚ್ಚರಾಗುತ್ತಾರೆ. ಮೊದಲು ಹ್ಯಾಶ್ ಮಾತ್ರ ಹಾಕಿ ಹುಡುಕಿ.

ಅಷ್ಟರಲ್ಲಿ ಲಾಗ್‌ನಲ್ಲಿದ್ದ ಒಂದು ಐಪಿ ವಿಳಾಸವನ್ನು, ಅಂದರೆ ಇಂಟರ್ನೆಟ್ಟಿನಲ್ಲಿ ಯಂತ್ರದ ನಂಬರನ್ನು, ನಾನೇ ಹುಡುಕಿದ್ದೆ. ಹಾಂಗ್‌ಕಾಂಗ್ ಎಂದು ತೋರಿಸಿತು. ಸುದ್ದಿ ಒಂದೇ ಸಂಜೆಯಲ್ಲಿ ಫಸ್ಟ್ ಕ್ಯಾಂಪಿನಿಂದ ಫೋರ್ತ್ ಕ್ಯಾಂಪ್‌ವರೆಗೆ ಹೋಯಿತು. ಸಿಕ್ಕಿಬಿದ್ದರು! ವೀಡಿಯೊ ಕಾಲ್‌ನಲ್ಲಿ ಸಂಶೋಧಕರು ನಕ್ಕರು. ಅದು ತಿಂಗಳಿಗೆ ಇಷ್ಟು ಎಂದು ಬಾಡಿಗೆಗೆ ಸಿಗುವ ಸರ್ವರ್. ಅದನ್ನು ನೋಡಿ ದೇಶ ಹೇಳುವುದು, ಮಾಂದಲಪಟ್ಟಿಯ ಬಾಡಿಗೆ ಜೀಪಿನ ನಂಬರ್ ನೋಡಿ ಒಳಗೆ ಕೂತ ಟೂರಿಸ್ಟಿನ ಊರು ಹೇಳಿದ ಹಾಗೆ.

ಸರಿ, ಒಳಗಿದ್ದ ಸಾಫ್ಟ್‌ವೇರ್? ಅದು ಘೋಸ್ಟ್ ರ‍್ಯಾಟ್ ಎಂಬ, ದೂರದಿಂದಲೇ ಕಂಪ್ಯೂಟರನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಸಾಫ್ಟ್‌ವೇರಿನ ಒಂದು ರೂಪ. ಈ ಹೆಸರು ಕೇಳಿದ ಹಿರಿಯರೊಬ್ಬರು ಕುರ್ಚಿಯಿಂದ ಮುಂದೆ ಬಾಗಿದರು. ಅವರಿಗೆ ನೆನಪಿತ್ತು. 2009ರ ಮಾರ್ಚ್‌ನಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧನಾ ತಂಡ ಸಿಟಿಜನ್ ಲ್ಯಾಬ್‌ನವರು ಘೋಸ್ಟ್‌ನೆಟ್ ಎಂಬ ಬೇಹುಗಾರಿಕೆ ಜಾಲವನ್ನು ಬಯಲಿಗೆ ತಂದಿದ್ದರು. ಧರ್ಮಶಾಲೆಯಲ್ಲಿ ದಲೈಲಾಮಾ ಅವರ ಕಚೇರಿಯ ಕಂಪ್ಯೂಟರಿನಿಂದ ಶುರುವಾದ ಹುಡುಕಾಟ 103 ದೇಶಗಳ 1,295 ಕಂಪ್ಯೂಟರುಗಳಿಗೆ ಮುಟ್ಟಿತ್ತು. ಆಗ ಬಳಸಿದ್ದೂ ಇದೇ ಘೋಸ್ಟ್ ರ‍್ಯಾಟ್. ಹಾಗಾದರೆ ಇನ್ನೇನು ಬೇಕು?

ಬೇಕು, ಎಂದರು ಸಂಶೋಧಕರು. ಘೋಸ್ಟ್ ರ‍್ಯಾಟ್‌ನ ಸೋರ್ಸ್ ಕೋಡ್ ಎಷ್ಟೋ ವರ್ಷದಿಂದ ಇಂಟರ್ನೆಟ್ಟಿನಲ್ಲಿ ಬಿದ್ದಿದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಘೋಸ್ಟ್‌ನೆಟ್ ವರದಿ ಬರೆದವರೇ, ಸರ್ವರುಗಳು ಹೆಚ್ಚಾಗಿ ಚೀನಾದಲ್ಲಿದ್ದರೂ, ಚೀನಾ ಸರ್ಕಾರವೇ ಮಾಡಿಸಿತು ಎಂದು ಹೇಳಲು ಒಪ್ಪಿರಲಿಲ್ಲ. ಬೇಕೆಂದೇ ಬೇರೆಯವರ ಗುರುತು ಬಿಟ್ಟು ಹೋಗುವವರೂ ಇದ್ದಾರೆ. 2015ರಲ್ಲಿ ಫ್ರಾನ್ಸಿನ ಟಿವಿ5 ಮಾಂಡ್ ಚಾನೆಲ್ ಬಂದ್ ಆದಾಗ ಐಸಿಸ್ ಪರ ಎಂದು ಹೇಳಿಕೊಂಡ ‘ಸೈಬರ್ ಖಲೀಫೇಟ್’ ಹೆಸರು ರಾರಾಜಿಸಿತು, ತನಿಖೆ ಹೋಗಿ ನಿಂತದ್ದು ರಷ್ಯಾದ ಗುಂಪಿನ ಬಾಗಿಲಿಗೆ. 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯ ದಿನ ನಡೆದ ದಾಳಿಯಲ್ಲಿ ಉತ್ತರ ಕೊರಿಯಾದವರ ಕೋಡಿನ ಗುರುತನ್ನು ಅಂಟಿಸಿಟ್ಟಿದ್ದರು. ಅದು ನಕಲಿ ಎಂದು ಸೈಬರ್ ಭದ್ರತಾ ಕಂಪನಿ ಕ್ಯಾಸ್ಪರ್‌ಸ್ಕಿಯವರು ತೋರಿಸಿದರು. 2020ರಲ್ಲಿ ಅಮೆರಿಕ ಆರೋಪ ಹೊರಿಸಿದ್ದು ರಷ್ಯಾದ ಸೇನಾ ಗುಪ್ತಚರ ದಳದ ಆರು ಅಧಿಕಾರಿಗಳ ಮೇಲೆ.

ಹಾಗಾದರೆ ಯಾವುದನ್ನು ನಂಬುತ್ತಾರೆ? ಒಂದು ಗುರುತನ್ನಲ್ಲ, ಹಲವನ್ನು ಒಟ್ಟಿಗಿಟ್ಟು ನೋಡುತ್ತಾರೆ. ವೆಬ್‌ಸೈಟ್ ವಿಳಾಸ (ಡೊಮೈನ್) ಕೊಂಡ ರೀತಿ, ಸರ್ವರಿನ ಗುರುತುಪತ್ರದಂಥ ಒಂದೇ ಡಿಜಿಟಲ್ ಸರ್ಟಿಫಿಕೇಟನ್ನು ಬೇರೆ ದಾಳಿಯಲ್ಲೂ ಬಳಸಿದ್ದಾರಾ, ಎಲ್ಲೂ ಸಿಗದ ಅವರದೇ ಕೋಡಿನ ತುಣುಕು ಇದೆಯಾ, ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತಾರೆ, ಯಾರನ್ನು ಬಿಟ್ಟು ಯಾರನ್ನು ಹಿಡಿಯುತ್ತಾರೆ. ಜುಲೈನಲ್ಲಿ ಝಡ್‌ಸ್ಕೇಲರ್ ಎಂಬ ಸೈಬರ್ ಭದ್ರತಾ ಕಂಪನಿಯವರು 90ನೇ ಹುಟ್ಟುಹಬ್ಬವನ್ನೇ ಗಾಳ ಮಾಡಿಕೊಂಡ ಎರಡು ದಾಳಿಗಳ ವರದಿ ಹಾಕಿ, ಅವುಗಳ ಹಿಂದೆ ಚೀನಾದ ನಂಟಿರುವ ಗುಂಪಿದೆ ಎಂದರು. ಅದರಲ್ಲೂ ಘೋಸ್ಟ್ ರ‍್ಯಾಟ್ ಇತ್ತು. ನಮ್ಮದೂ ಅದೇನಾ ಎಂದು ಕೇಳಿದರೆ, ಹೋಲಿಕೆ ಇದೆ, ಒಂದೇ ಎಂದು ಹೇಳಲಾರೆ ಎಂಬ ಉತ್ತರ.

ವರದಿ ಬರಲು ತಿಂಗಳುಗಳೇ ಹಿಡಿದವು. ಅಪ್‌ಲೋಡ್ ಮಾಡುವಷ್ಟು ನೆಟ್ ನಮ್ಮಲ್ಲಿಲ್ಲ, ಡಿಸ್ಕನ್ನು ಕೊರಿಯರ್ ಮಾಡಲು ಧೈರ್ಯ ಇಲ್ಲ. ದೆಹಲಿಗೆ ಹೋಗುತ್ತಿದ್ದ ಒಬ್ಬ ಭಿಕ್ಷುವಿನ ಕೈಯಲ್ಲಿ ಪ್ರತಿ ಕಳಿಸಿದೆವು, ಪಾಸ್‌ವರ್ಡನ್ನು ಬೇರೆ ದಾರಿಯಲ್ಲಿ. ವರದಿ ಬರುವ ಹೊತ್ತಿಗೆ ಚಳಿಗಾಲ. ಸ್ವೆಟರ್ ವ್ಯಾಪಾರಕ್ಕೆ ಅರ್ಧ ಕ್ಯಾಂಪ್ ಊರೂರು ಸೇರಿತ್ತು. ಸಭೆಗೆ ಜನ ಇಲ್ಲದೆ ಅದು ಇನ್ನಷ್ಟು ದಿನ ಕವರಿನಲ್ಲೇ ಕೂತಿತು.

ಒಳಗಿದ್ದ ಮುಖ್ಯ ಸಾಲು ಇಷ್ಟೇ. ಚೀನಾದ ಪರ ಕೆಲಸ ಮಾಡುವ, ಈಗಾಗಲೇ ಗೊತ್ತಿರುವ ಒಂದು ಗುಂಪಿನ ರೀತಿಗೆ ಇದು ಹೊಂದುತ್ತದೆ, ಮಧ್ಯಮ ಮಟ್ಟದ ಖಚಿತತೆ. ಯಾರ ಆದೇಶದ ಮೇಲೆ ಎಂಬುದಕ್ಕೆ ಪುರಾವೆ ಇಲ್ಲ. ಕಾರ್ಯದರ್ಶಿ ಅದನ್ನು ಟಿಬೆಟನ್‌ನಲ್ಲಿ ಓದಿ ಹೇಳಿದರು. ಹಿರಿಯರೊಬ್ಬರು ನನ್ನ ಕಡೆ ತಿರುಗಿ ಕನ್ನಡದಲ್ಲೇ, “ನಮಗೆ 1959ರಿಂದ ಗೊತ್ತಿರೋದನ್ನ ಇಷ್ಟು ದಿನ ತಗೊಂಡು ಅರ್ಧ ಹೇಳಿದ್ರಾ?” ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಅರ್ಧವೇ ನನಗೆ ಬೆಲೆಯುಳ್ಳದ್ದು ಅನಿಸಿತು. ಪೂರ್ತಿ ಹೇಳಿಬಿಡುವವರು ಊರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಕೇಳಿದರೆ ಪುರಾವೆ ಇರುವುದಿಲ್ಲ.

ಪೂರ್ತಿ ಹೇಳಬೇಕಾದರೆ ಎಷ್ಟು ಬೇಕು ಎಂಬುದಕ್ಕೆ ಅಮೆರಿಕದ ಕೇಸು ನೋಡಿ. 2016ರಲ್ಲಿ ಡೆಮಾಕ್ರಟಿಕ್ ಪಕ್ಷದ ಮೇಲ್‌ಗಳು ಹೋದವು. ಗುಸಿಫರ್ 2.0 ಎಂಬಾತ, ನಾನೊಬ್ಬನೇ ಮಾಡಿದ್ದು, ರೊಮೇನಿಯಾದವನು ಎಂದ. 2018ರ ಜುಲೈ 13ರ ದೋಷಾರೋಪದಲ್ಲಿ ರಷ್ಯಾದ 12 ಸೇನಾ ಗುಪ್ತಚರ ಅಧಿಕಾರಿಗಳ ಹೆಸರು, ಅವರ ಘಟಕಗಳ ನಂಬರ್, ಬಿಟ್‌ಕಾಯಿನ್ ಪಾವತಿ, ಗುಸಿಫರ್ ಹೆಸರಿನ ಬ್ಲಾಗ್ ಬರೆಯುವ ಮುಂಚೆ ಹುಡುಕಿದ ಪದಗಳು ಸಹ ಇದ್ದವು. ಎರಡು ವರ್ಷ, ಒಂದು ದೇಶದ ಪೂರ್ತಿ ತನಿಖಾ ಬಲ. ಆದರೂ ಒಬ್ಬರೂ ಅಲ್ಲಿನ ಕೋರ್ಟಿನ ಮುಂದೆ ನಿಂತಿಲ್ಲ. ನಮ್ಮಲ್ಲಿ ಇದ್ದದ್ದು ಒಂದು ಲ್ಯಾಪ್‌ಟಾಪು, ಒಂದು ಜನರೇಟರು.

ವರದಿಯ ಪ್ರತಿಯನ್ನು ಠಾಣೆಗೂ ಸರ್ಟ್-ಇನ್‌ಗೂ ಕೊಟ್ಟಿದ್ದೇವೆ, ಸ್ವೀಕೃತಿ ಸೀಲ್ ಹಾಕಿಸಿಕೊಂಡೆವು. ಪೋರ್ಟಲ್‌ನಲ್ಲಿ ದೂರು ಇನ್ನೂ ತನಿಖೆಯ ಹಂತದಲ್ಲಿದೆ. ಆ ಫಿಲ್ಟರಿನಿಂದ ಯಾರ ಪತ್ರಗಳು ಹೋಗಿರಬಹುದೋ ಅವರೆಲ್ಲರಿಗೂ ಕಾರ್ಯದರ್ಶಿ ತಾವೇ ಫೋನ್ ಮಾಡಿ ತಿಳಿಸಿದರು. ಇಡೀ ಓಡಾಟದಲ್ಲಿ ಅವರಿಗೆ ಕಷ್ಟ ಆಗಿದ್ದು ಅದೇ ಕೆಲಸ. ವರದಿಗೆ ಕಾಯದೆ ಮೊದಲ ವಾರವೇ ಅದನ್ನು ಮಾಡಿ ಮುಗಿಸಿದ್ದರು, ನೀವೂ ಕಾಯಬೇಡಿ. ಖಾತೆಗಳನ್ನೆಲ್ಲ ಗೂಗಲ್‌ನ ಹೆಚ್ಚಿನ ಭದ್ರತೆಯ ಯೋಜನೆಯಾದ ಅಡ್ವಾನ್ಸ್ಡ್ ಪ್ರೊಟೆಕ್ಷನ್‌ಗೆ ಸೇರಿಸಿದ್ದೇವೆ, ಅದು ಉಚಿತ. ಲಾಗಿನ್ ಆಗಲು ಪಾಸ್‌ಕೀ (ಫೋನಿನಲ್ಲೇ ಇಟ್ಟ ಡಿಜಿಟಲ್ ಬೀಗದಕೈ) ಅಥವಾ ಯುಎಸ್‌ಬಿ ಸೆಕ್ಯುರಿಟಿ ಕೀ ಬೇಕು. ಯುಎಸ್‌ಬಿ ಕೀಗೆ ಸಾವಿರಗಳಲ್ಲಿ ಬೆಲೆ. ತಲಾ ಎರಡು ತೆಗೆದುಕೊಂಡು, ಒಂದನ್ನು ಬೀರುವಿನಲ್ಲಿಡಿ, ಇನ್ನೊಂದನ್ನು ಬೀಗದ ಗೊಂಚಲಿಗೆ ಹಾಕಿಕೊಳ್ಳಿ.